ರೈಫಲ್‌ಗೆ ಟಾರ್ಚ್ ಕ್ಲ್ಯಾಂಪ್: ಎಷ್ಟು ಬಿಗಿ ಅನ್ನೋದಲ್ಲ, ಎಲ್ಲಿ ಅನ್ನೋದು

ನಾನು ಟೆಕ್ಸಸ್‌ನ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಲೇತ್ ಕೆಲಸ ಮಾಡುತ್ತೇನೆ. ಟ್ರ್ಯಾಕ್ಟರ್ ಬುಶ್, ಪಂಪ್ ಶಾಫ್ಟ್, ಹೀಗೆ ರೈತರ ಕೆಲಸವೇ ಜಾಸ್ತಿ. ಅವರಿಗೆಲ್ಲ ಇರುವ ಇನ್ನೊಂದು ತಲೆನೋವು ಕಾಡುಹಂದಿ. ರಾತ್ರಿ ಗುಂಪಾಗಿ ನುಗ್ಗಿ ಹೊಲ ಉತ್ತು ಹಾಕಿಬಿಡುತ್ತವೆ. ಇಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು 2019ರ ಸೆಪ್ಟೆಂಬರ್‌ನಿಂದ ಬೇಟೆಯ ಲೈಸೆನ್ಸೂ ಬೇಕಿಲ್ಲ, ರಾತ್ರಿಯೂ ಹೊಡೆಯಬಹುದು. ಹಾಗಾಗಿ ರೈಫಲ್‌ಗೆ ಟಾರ್ಚ್ ಕೂರಿಸುವ ಕ್ಲ್ಯಾಂಪ್ ಕೇಳಿಕೊಂಡು ಬರುವವರಿಗೆ ಬರವಿಲ್ಲ. (ಊರಲ್ಲಿ ಓದುತ್ತಿರುವವರು ಸುಮ್ನೆ ಓದಿ ಅಷ್ಟೇ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ.)

ಬಂದವರು ಕೇಳುವುದು ಒಂದೇ: "ನಳಿಕೆಗೆ ಗಟ್ಟಿಯಾಗಿ ಕೂರಬೇಕು." ನಾನು ಬೇಡ ಅನ್ನುವುದೂ ಅಲ್ಲೇ. ಎಷ್ಟೋ ಬೇಟೆ ರೈಫಲ್‌ಗಳಲ್ಲಿ ನಳಿಕೆ ಕೆಳಗಿನ ಮರಕ್ಕೆ ತಾಗದ ಹಾಗೆ ಬಿಟ್ಟಿರುತ್ತಾರೆ. ಗುಂಡು ಹಾರುವಾಗ ಅದು ಅದುರುತ್ತದೆ. ಅದಕ್ಕೊಂದು ಭಾರ ಕಟ್ಟಿದರೆ ಅದುರುವ ರೀತಿ ಬದಲಾಗಿ, ಗುಂಡು ಬೀಳುವ ಜಾಗವೇ ಸರಿಯಬಹುದು. ಹಗಲು ಬರಿ ನಳಿಕೆಯಲ್ಲಿ ಗುರಿ ಹೊಂದಿಸಿಕೊಂಡು, ರಾತ್ರಿ ಟಾರ್ಚ್ ಸಿಕ್ಕಿಸಿ ಹೊಡೆದರೆ ಹಂದಿ ಸಾಯದೆ, ಗಾಯ ಮಾಡಿಕೊಂಡು ಓಡಬಹುದು.

ಮುಂದಿನ ಹಿಡಿಯಲ್ಲಿ ಪಿಕಾಟಿನಿ ರೈಲ್ (ಟಾರ್ಚ್, ಸ್ಕೋಪ್ ಥರದ್ದನ್ನು ಸಿಕ್ಕಿಸಲು ಇರುವ ಹಲ್ಲು ಹಲ್ಲಿನ ಪಟ್ಟಿ) ಇದ್ದರೆ ಅದೇ ಒಳ್ಳೆ ಜಾಗ. ಇಲ್ಲದಿದ್ದರೆ, ಟಾರ್ಚ್ ಹಗುರವಾಗಿದ್ದರೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್ ಮೇಲೆ ಹಾಕಬಹುದು. ಇನ್ನೊಂದು ವಿಷಯ: ಬಹಳಷ್ಟು ಟಾರ್ಚ್‌ಗಳ ಮೈ ಹತ್ತಿರ ಹತ್ತಿರ ಒಂದು ಇಂಚು, ಅಂದರೆ 25.4 ಮಿ.ಮೀ. ಇರುತ್ತದೆ. ಸ್ಕೋಪ್ ಹಿಡಿದಿಡುವ ಹಳೆ ಒಂದಿಂಚಿನ ರಿಂಗ್ ಮನೆಯಲ್ಲಿ ಬಿದ್ದಿದ್ದರೆ ಅದೇ ಸಾಕು. ನನಗೆ ಬರುವ ದುಡ್ಡು ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಮಾಡಲೇಬೇಕು ಅಂದರೆ 6061 ದರ್ಜೆಯ ಅಲ್ಯೂಮಿನಿಯಂ ತುಂಡು ತಗೊಂಡು ಎರಡು ಹೋಳು ಮಾಡುತ್ತೇನೆ. ಎರಡರ ನಡುವೆ ಅರ್ಧ ಮಿ.ಮೀ. ದಪ್ಪದ ಶಿಮ್ (ತೆಳು ತಗಡು) ಇಟ್ಟು, ಸ್ಕ್ರೂ ಬಿಗಿದು, ಆಮೇಲೆ ಟಾರ್ಚ್ ಅಳತೆಗೆ ಬೋರಿಂಗ್, ಅಂದರೆ ದುಂಡಗೆ ತೂತು ಕೊರೆಯುವುದು. ಶಿಮ್ ತೆಗೆದರೆ ಅಷ್ಟೇ ಸಂದು ಉಳಿಯುತ್ತದೆ, ಸ್ಕ್ರೂ ತಿರುಗಿಸಿದಾಗ ಹಿಡಿತ ಬರುವುದು ಆ ಸಂದಿನಿಂದ. ಶಿಮ್ ಇಲ್ಲದೆ ಬೋರ್ ಮಾಡಿದರೆ ಹೋಳುಗಳು ಒಂದಕ್ಕೊಂದು ಮುಟ್ಟಿ ನಿಲ್ಲುತ್ತವೆ, ಟಾರ್ಚ್ ಒಳಗೆ ಜಾರುತ್ತಿರುತ್ತದೆ. ವರ್ನಿಯರ್ ಅನ್ನು ಟಾರ್ಚ್ ಮೈಯ ಎರಡು ಮೂರು ಕಡೆ ಹಿಡಿಯಬೇಕು. ಹಿಡಿತಕ್ಕೆ ಗೀರು ಹಾಕಿದ ಕಡೆ ದಪ್ಪ ಬೇರೆ ಬರುತ್ತದೆ. ಒಳ ಅಂಚಿನ ಚೂಪು ತೆಗೆದು, ಸ್ಕ್ರೂಗೆ ಬಿಚ್ಚಲು ಬರುವಂಥ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಒಂದು ಹನಿ.

ಕ್ಲ್ಯಾಂಪ್ ಗಟ್ಟಿ ಇದ್ದರೂ ಮೊದಲ ಗುಂಡಿಗೇ ಲೈಟ್ ಆರಿಹೋಯಿತು ಅಂತ ಕೆಲವರು ವಾಪಸ್ ಬರುತ್ತಾರೆ. ತಪ್ಪು ಟಾರ್ಚ್‌ನದು. ಬಂದೂಕು ಒದ್ದಾಗ ಒಳಗಿನ ಬ್ಯಾಟರಿ ಸ್ಪ್ರಿಂಗನ್ನು ಒತ್ತಿ, ಇನ್ನೊಂದು ತುದಿಯಲ್ಲಿ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಎರಡೂ ಕಡೆ ಸ್ಪ್ರಿಂಗ್ ಇರುವ ಟಾರ್ಚ್ ತಗೊಂಡರೆ ಈ ಕಾಟ ಕಡಿಮೆ. ಬೆಳಕು ನಳಿಕೆಗೆ ಬಡಿದು ಹೊಳೆದರೂ ಸ್ಕೋಪ್‌ನಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ಟಾರ್ಚ್ ತಲೆ ಆದಷ್ಟು ಮುಂದಿರಲಿ.

ಈ ಟಾರ್ಚ್ ಹಿಡಿದು ಹಂದಿ ಹುಡುಕಬಾರದು ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬೆಳಕು ಹೋದ ಕಡೆಗೇ ಬಂದೂಕಿನ ಬಾಯಿಯೂ ಹೋಗುತ್ತದೆ, ಅಲ್ಲಿ ಪಕ್ಕದ ಮನೆಯವನೋ ಅವನ ಕರುವೋ ಇರಬಹುದು. ಹುಡುಕಲು ತಲೆಗೆ ಬೇರೆ ಲೈಟ್ ಕಟ್ಟಿಕೊಳ್ಳಲಿ. ಅಳತೆಗೆ ಬರುವಾಗಲೂ ಟಾರ್ಚ್ ಮತ್ತು ಬಿಚ್ಚಿದ ರೈಲ್ ತಂದರೆ ಸಾಕು, ರೈಫಲ್ ಮನೆಯಲ್ಲೇ ಇರಲಿ.