ಟ್ರೇಸ್ ಫೈಲ್‌ನಲ್ಲಿ ಕಂಡ ಕಳ್ಳ ನೋಡ್

ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಮೊಬೈಲ್ ಅಡ್ ಹಾಕ್ ನೆಟ್‌ವರ್ಕ್ ಮೇಲಿತ್ತು. ಇಲ್ಲಿ ಟವರ್ ಇರುವುದಿಲ್ಲ. ಜನರ ಕೈಯಲ್ಲಿರುವ ಸಾಧನಗಳೇ (ಇವನ್ನು ನೋಡ್ ಅನ್ನುತ್ತಾರೆ) ಒಂದರ ಪ್ಯಾಕೆಟ್ಟನ್ನು, ಅಂದರೆ ಸಂದೇಶದ ತುಣುಕನ್ನು, ಇನ್ನೊಂದು ದಾಟಿಸುತ್ತಾ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಿಗೆ ಫೋನ್ ಹೋಗುತ್ತಿರಲಿಲ್ಲ. ಅದು ಮನಸ್ಸಿನಲ್ಲಿ ಉಳಿದಿತ್ತು. ಅದಕ್ಕೇ ಈ ವಿಷಯ ಹಿಡಿದೆ.

ಒಂದು ಮಧ್ಯಾಹ್ನ ಲ್ಯಾಬ್‌ನಲ್ಲಿ ನೆಟ್‌ವರ್ಕನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಎನ್‌ಎಸ್-2 ಸಿಮ್ಯುಲೇಟರ್ ಹಾಕಿ ಬ್ಲ್ಯಾಕ್‌ಹೋಲ್ ದಾಳಿ, ಅಂದರೆ ಸುಳ್ಳು ದಾರಿ ತೋರಿಸಿ ಬಂದ ಪ್ಯಾಕೆಟ್ಟನ್ನೆಲ್ಲ ನುಂಗುವ ದಾಳಿ, ಓಡಿಸಿದೆ. ರೌಟಿಂಗ್‌ಗೆ, ಅಂದರೆ ದಾರಿ ಹುಡುಕುವುದಕ್ಕೆ, ಬಳಸಿದ್ದು ಎಒಡಿವಿ; 2003ರಲ್ಲಿ ಆರ್‌ಎಫ್‌ಸಿ 3561 ಎಂಬ ಇಂಟರ್ನೆಟ್ ದಾಖಲೆಯಾಗಿ ಬಂದ ಪ್ರೊಟೊಕಾಲ್ (ನಿಯಮಾವಳಿ). ದಾರಿ ಬೇಕಾದ ನೋಡ್ ಪಕ್ಕದವನ್ನೆಲ್ಲ ಕೇಳುತ್ತದೆ, ಅವು ತಮ್ಮ ಪಕ್ಕದವನ್ನು ಕೇಳುತ್ತವೆ. ಗೊತ್ತಿದ್ದದ್ದು ಉತ್ತರ ಕಳಿಸುತ್ತದೆ. ಉತ್ತರದ ಸೀಕ್ವೆನ್ಸ್ ನಂಬರ್ ದೊಡ್ಡದಿದ್ದಷ್ಟೂ ದಾರಿ ಹೊಸದು ಅಂತ ಲೆಕ್ಕ. ಆ ನಂಬರ್ ನಿಜವೇ ಅಂತ ಯಾರೂ ಕೇಳುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಒಂದೇ ಒಂದು ನೋಡನ್ನು ಕೆಡಿಸಿದ್ದೆ. ಯಾರು ಯಾವ ದಾರಿ ಕೇಳಿದರೂ ತನ್ನ ದಾರಿಗಳ ಟೇಬಲ್ ನೋಡದೆ ತಕ್ಷಣ ಉತ್ತರ: ಒಂದೇ ಹಾಪ್ (ಜಿಗಿತ), ಸೀಕ್ವೆನ್ಸ್ ನಂಬರ್ 4294967295. 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು.

ಸಿಮ್ಯುಲೇಟರ್ ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಟ್ರೇಸ್ ಫೈಲ್ ತೆರೆದೆ. ಅದರಲ್ಲಿ ಸಾಲಿನ ಮೊದಲ ಅಕ್ಷರ ಎಸ್ ಇದ್ದರೆ ಕಳಿಸಿದ್ದು, ಆರ್ ಇದ್ದರೆ ಬಂದದ್ದು, ಎಫ್ ಇದ್ದರೆ ಮುಂದೆ ದಾಟಿಸಿದ್ದು. ಗ್ರೆಪ್ ಎಂಬ ಹುಡುಕುವ ಕಮಾಂಡ್ ಹಾಕಿ ಆ ನೋಡ್‌ನ ಡೇಟಾ ಸಾಲುಗಳನ್ನಷ್ಟೇ ತೆಗೆದೆ. ಆರ್, ಆರ್, ಆರ್. ಸ್ಕ್ರೀನ್ ತುಂಬಾ ಆರ್. ಹುಡುಕಿದರೂ ಒಂದು ಎಫ್ ಇಲ್ಲ. ಕಳಿಸಿದ ನೋಡ್‌ಗೆ ಇದರ ಸುಳಿವೇ ಸಿಗುವುದಿಲ್ಲ. ಲಿಂಕ್ ಕಡಿದಿದ್ದರೆ ಎರರ್ ಸಂದೇಶ ಬರುತ್ತಿತ್ತು. ಇಲ್ಲಿ ಲಿಂಕ್ ಚೆನ್ನಾಗೇ ಇದೆಯಲ್ಲ! ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಸಾಲುಗಳಲ್ಲಿ ಒಂದು, ಗುಡ್ಡದ ಮೇಲೆ ಸಿಕ್ಕಿಕೊಂಡವರು ಕಳಿಸಿದ ಸಂದೇಶವಾಗಿದ್ದರೆ?

ಗೈಡ್ ಬಂದು ನೋಡಿದರು. "ಡಿಜಿಟಲ್ ಸಹಿ ಹಾಕಿಸಿದ್ರೆ ಸಾಕಲ್ವಾ ಸರ್? ಎಒಡಿವಿಗೆ ಸಹಿ ಸೇರಿಸಿದ ಎಸ್‌ಎಒಡಿವಿ ಇದೆ" ಅಂದೆ.

"ಸುಳ್ಳು ನಂಬರ್ ಕೊಡೋದು ನಿಲ್ಲುತ್ತೆ ಕಣಮ್ಮ. ಆದ್ರೆ ಸಹಿ ಹಾಕೋ ಸರಿಯಾದ ಕೀ ಇರೋ ನೋಡೇ ನಿಜವಾದ ದಾರೀಲಿ ಕೂತು ಪ್ಯಾಕೆಟ್ ಬಿಸಾಕಿದ್ರೆ? ಸಹಿ ಏನ್ ಮಾಡುತ್ತೆ?"

ಆಗ ವಾಚ್‌ಡಾಗ್ ಕಡೆ ಹೊರಳಿದೆವು. 2000ದಲ್ಲಿ ಬಂದ ಉಪಾಯ ಇದು. ಪ್ಯಾಕೆಟ್ ಕೊಟ್ಟ ಮೇಲೂ ಸುಮ್ನೆ ಇರದೆ, ಪಕ್ಕದ ನೋಡ್ ಅದನ್ನು ದಾಟಿಸಿತಾ ಅಂತ ಕಿವಿಗೊಟ್ಟು ಕೇಳುವುದು. ರೇಡಿಯೊ ತಾನೇ, ಹತ್ತಿರದಲ್ಲಿದ್ದರೆ ಕೇಳಿಸುತ್ತದೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಸಿಗ್ನಲ್ ಬಂದು ಡಿಕ್ಕಿಯಾದರೆ ಏನೂ ಕೇಳಿಸದು. ಒಳ್ಳೆಯ ನೋಡ್ ಮೇಲೂ ಅನುಮಾನ ಬರುತ್ತದೆ. ಹಾಗಾಗಿ ಒಂದೆರಡು ಪ್ಯಾಕೆಟ್ ತಪ್ಪಿದರೆ ತಾಳಿಕೊಳ್ಳಬೇಕು, ಜಾಸ್ತಿ ಆದರೆ ಮಾತ್ರ ಬೇರೆ ದಾರಿ ಹಿಡಿಯಬೇಕು. ಜಾಸ್ತಿ ಅಂದರೆ ಎಷ್ಟು ಎನ್ನುವುದನ್ನು ಹುಡುಕುವುದರಲ್ಲೇ ಉಳಿದ ಸೆಮಿಸ್ಟರ್ ಕಳೆಯಿತು.