90 ದಿನಗಳ ಸಹಿ

ಶಾಸಕರೊಬ್ಬರ ಆಪ್ತ ಸಹಾಯಕನಾಗಿ ಸೇರಿದ ಮೊದಲ ಅಧಿವೇಶನದ ಒಂದು ದಿನ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಅವರು ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿ, ಕಾರ್ಮಿಕ ಸಂಘದಿಂದ ರಾಜಕೀಯಕ್ಕೆ ಬಂದವರು. ಆರೂವರೆಗೇ ಶಾಸಕರ ಭವನದ ಕೋಣೆಯ ಮುಂದೆ, ರಾತ್ರಿ ಬಸ್ಸಿನಲ್ಲಿ ಬಂದಿಳಿದ ಕ್ಷೇತ್ರದ ಜನ ಕಾದಿದ್ದರು. ಒಬ್ಬರಿಗೆ ವರ್ಗಾವಣೆಯ ಶಿಫಾರಸು ಪತ್ರ ಬೇಕು, ಇನ್ನೊಬ್ಬರಿಗೆ ಜಾತ್ರೆಯ ದೇಣಿಗೆ, ಮತ್ತೊಬ್ಬರಿಗೆ ಮದುವೆಯ ಮುಯ್ಯಿ. ಪ್ರದೇಶಾಭಿವೃದ್ಧಿ ನಿಧಿಯ ವಾರ್ಷಿಕ 2 ಕೋಟಿ ರೂಪಾಯಿ ರಸ್ತೆ, ಸಮುದಾಯ ಭವನದಂಥ ಕಾಮಗಾರಿಗಳಿಗೇ ಹೊರತು ಅದರಿಂದ ಮುಯ್ಯಿ ಮಾಡಲು ಬರುವುದಿಲ್ಲವೆಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಆಸ್ತಿವಂತರು ಕೊಟ್ಟು ರೂಢಿಮಾಡಿದ್ದನ್ನು ಇವರು ಸಂಬಳದಲ್ಲಿ ಸರಿದೂಗಿಸಬೇಕು. ಅಂದು ಹತ್ತು ಗಂಟೆಯೊಳಗೆ ಮೂರು ಸಾವಿರ ಖರ್ಚಾಗಿತ್ತು. ಲೆಕ್ಕ ಬರೆಯುವವನು ನಾನೇ.

ಕೊನೆಯಲ್ಲಿ ಬಂದವರು, ಹಿಂದೆ ಶಾಸಕರ ಜೊತೆ ಸಿಮೆಂಟು ಬಾಂಡಲಿ ಹೊತ್ತಿದ್ದ ಹೆಂಗಸು. "ಅಣ್ಣಾ, ಲೇಬರ್ ಕಾರ್ಡಿಗೆ ಮೇಸ್ತ್ರಿ ಸಹಿ ಹಾಕಲ್ಲ ಅಂತಾನೆ" ಎಂದರು. ಆಗ 1996ರ ಕಾಯ್ದೆಯಂತೆ ಕಟ್ಟಡಗಳ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಸಂಗ್ರಹಿಸಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡಲಾಗುತ್ತಿತ್ತು. ಆದರೆ ಅದರ ಫಲಾನುಭವಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕಿತ್ತು. ಇಲ್ಲಿ ಎಂಟು ದಿನ, ಅಲ್ಲಿ ಹದಿನೈದು ದಿನ ಎಂದು ಅಲೆಯುವವರಿಗೆ ಯಾವ ಮೇಸ್ತ್ರಿ ತಾನೇ ಬರೆದುಕೊಡುತ್ತಾನೆ? ಶಾಸಕರು ಆಕೆಯ ಕೈಯನ್ನೇ ನೋಡುತ್ತಿದ್ದರು. ಸಿಮೆಂಟು ತಿಂದ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಪಡಿತರ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ಒಪ್ಪುವುದಿಲ್ಲವಂತೆ.

ಕಾಕತಾಳೀಯವೆಂಬಂತೆ ಸದನದಲ್ಲಿ ಸಚಿವರು ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಅಂದಿನ ಚುಕ್ಕೆ ಗುರುತಿನ ಪ್ರಶ್ನೆಗಳ ಪಟ್ಟಿಯಲ್ಲಿ ಇದೇ ವಿಷಯದ ಮೇಲೆ ಶಾಸಕರದೊಂದು ಪ್ರಶ್ನೆಯಿತ್ತು. ಎರಡು ರಾತ್ರಿ ಕೂತು ಉಪಪ್ರಶ್ನೆಗಳನ್ನು ತಿದ್ದಿ ಬರೆದಿದ್ದೆವು. ಆದರೆ ಮೊದಲ ಕೆಲವು ಪ್ರಶ್ನೆಗಳಲ್ಲೇ ಗದ್ದಲವೆದ್ದು ಪ್ರಶ್ನೋತ್ತರದ ಅವಧಿ ಮುಗಿದುಹೋಯಿತು. ಇವರ ಸರದಿ ಬರಲೇ ಇಲ್ಲ. ಲಿಖಿತ ಉತ್ತರದ ಪ್ರತಿಯಲ್ಲಿ ನಮಗೆ ಬಾಯಿಪಾಠವಾಗಿದ್ದ ನಿಯಮಗಳಷ್ಟೇ ಇದ್ದವು.

ವಿಧಾನಸೌಧದ ಮೆಟ್ಟಿಲಿಳಿಯುವಾಗ ಅವರು ನಿಂತು ಗೋಡೆಯ ಕಲ್ಲುಗಳ ಸಂದಿಯ ಮೇಲೆ ಹೆಬ್ಬೆರಳು ಎಳೆದು ನೋಡಿದರು. 1951ರಲ್ಲಿ ಅಡಿಗಲ್ಲು ಬಿದ್ದ ಈ ಸೌಧದ ಕೆಲಸದಲ್ಲಿ ಸಾವಿರಾರು ಕೈದಿಗಳೂ ದುಡಿದಿದ್ದರೆಂದು ನಾನು ಹೇಳಿದಾಗ ಅವರು ಹೂಂಗುಟ್ಟಿದರೇ ಹೊರತು ಮಾತಾಡಲಿಲ್ಲ. ಆಮೇಲೆ, ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಆ ಹೆಂಗಸಿಗೆ ತಾವೇ ಫೋನ್ ಮಾಡಿದರು: "ಶನಿವಾರ ಬರ್ತೀನಮ್ಮಾ, ಮೇಸ್ತ್ರಿ ಮನೆಗೇ ಹೋಗೋಣ."