ಬಟ್ಟೆಯ ಡೈಪರೋ, ಎಸೆಯುವ ಡೈಪರೋ? ಒಗೆಯುವವರು ಯಾರೆಂದು ಮೊದಲು ಹೇಳಿ

ಮೊದಲ ಮಗುವಿನ ನಿರೀಕ್ಷೆಯಲ್ಲಿರುವವರು ಏಳನೆಯದೋ ಎಂಟನೆಯದೋ ತಿಂಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಗುವಿಗೆ ಬಟ್ಟೆಯ ಡೈಪರ್ ಒಳ್ಳೆಯದೇ, ಒಮ್ಮೆ ಬಳಸಿ ಎಸೆಯುವ ಡೈಪರ್ ಒಳ್ಳೆಯದೇ? ಇಬ್ಬರು ಮಕ್ಕಳಿಗೆ ಎರಡೂ ಬಗೆಯನ್ನು ತೊಡಿಸಿದವಳು ನಾನು. ಹಾಗಾಗಿ ನನ್ನಲ್ಲಿ ಸಿದ್ಧ ಉತ್ತರವೊಂದು ಇದ್ದೇ ಇರುತ್ತದೆಂದು ಅವರು ಭಾವಿಸುತ್ತಾರೆ. ಆದರೆ ನಾನು ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಒಗೆಯುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗದೆ ಆ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕವನ್ನು ಮೊದಲು ನೋಡೋಣ. ಹಸಿಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಬಾರಿ ಡೈಪರ್ ಬದಲಾಯಿಸಬೇಕಾಗುತ್ತದೆ; ಮಗು ಬೆಳೆದಂತೆ ಅದು ಐದಾರಕ್ಕೆ ಇಳಿಯುತ್ತದೆ. ಸರಾಸರಿ ಆರು ಎಂದು ಹಿಡಿದರೂ ಎರಡೂವರೆ ವರ್ಷಕ್ಕೆ 5,400ಕ್ಕಿಂತ ಹೆಚ್ಚು ಬಾರಿ ಬದಲಾಯಿಸಿದಂತಾಗುತ್ತದೆ. ಎಸೆಯುವುದಾದರೆ ಅಷ್ಟೂ ಡೈಪರ್ ಕಸಕ್ಕೆ ಹೋಗುತ್ತದೆ. ಬಟ್ಟೆಯದಾದರೆ ಎರಡು ದಿನಕ್ಕೊಮ್ಮೆ ಒಗೆಯುವ ಮನೆಗೆ ಇಪ್ಪತ್ತನಾಲ್ಕು ಸಾಕು, ಅವೇ ಎರಡನೆಯ ಮಗುವಿಗೂ ಬರುತ್ತವೆ. ಆದರೆ ಆ ಇಪ್ಪತ್ತನಾಲ್ಕು 5,400 ಆಗುವುದು ಒಬ್ಬರ ಕೈಯಿಂದ ಎಂಬುದನ್ನು ಲೆಕ್ಕ ಹಾಕುವಾಗ ನಾವು ಮರೆಯುತ್ತೇವೆ.

ಎಸೆಯುವ ಡೈಪರಿನೊಳಗೆ ಏನಿದೆ ಎಂದು ತಿಳಿಯಲು ನಾನೊಮ್ಮೆ ಬಳಸದ ಡೈಪರೊಂದನ್ನು ಕತ್ತರಿಯಿಂದ ಸೀಳಿ ನೋಡಿದೆ. ಮೈಗೆ ತಾಗುವ ಮೇಲ್ಪದರ ಪಾಲಿಪ್ರೊಪಿಲೀನ್ ಎಳೆಗಳ ತೆಳುವಾದ ಹಾಳೆ, ಹೊರಗಿನದು ನೀರು ಸೋರದ ಪ್ಲಾಸ್ಟಿಕ್, ನಡುವೆ ಮರದ ತಿರುಳಿನಿಂದ ಮಾಡಿದ ಅರಳೆಯಂತಹ ನಾರು, ಆ ನಾರಿನ ತುಂಬ ಸಕ್ಕರೆಯಂತಹ ಬಿಳಿಯ ಹರಳುಗಳು. ಆ ಹರಳುಗಳೇ ಸೋಡಿಯಂ ಪಾಲಿಅಕ್ರಿಲೇಟ್. ಅವನ್ನು ಬಟ್ಟಲಿಗೆ ಉದುರಿಸಿ ನೀರು ಸುರಿದೆ; ನೋಡುತ್ತಿದ್ದಂತೆ ನೀರೆಲ್ಲ ಗಟ್ಟಿಯಾದ ಲೋಳೆಯಾಗಿ, ಬಟ್ಟಲನ್ನು ಮಗುಚಿದರೂ ಬೀಳದಂತೆ ಕುಳಿತುಬಿಟ್ಟಿತು. ಮೇಲೆ ಉಪ್ಪು ಉದುರಿಸಿದಾಗ ಲೋಳೆ ಸಡಿಲವಾಗಿ ನೀರು ಬಿಡತೊಡಗಿತು. ಮೂತ್ರದಲ್ಲಿಯೂ ಲವಣವಿರುವುದರಿಂದ ಈ ಹರಳು ಬರಿಯ ನೀರನ್ನು ಹಿಡಿದಷ್ಟು ಮೂತ್ರವನ್ನು ಹಿಡಿಯುವುದಿಲ್ಲ. ಆದರೂ ತನ್ನ ತೂಕದ ಹತ್ತಾರು ಪಟ್ಟು ಹಿಡಿಯುತ್ತದೆ, ಮಗು ಅದರ ಮೇಲೆ ಕುಳಿತು ಒತ್ತಿದರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹತ್ತಿಯ ಬಟ್ಟೆ ನೀರನ್ನು ಎಳೆಗಳ ಸಂದಿನಲ್ಲಿ ಇಟ್ಟುಕೊಳ್ಳುತ್ತದೆಯಾದ್ದರಿಂದ ಒತ್ತಿದೊಡನೆ ಹೊರಹಾಕುತ್ತದೆ. ರಾತ್ರಿಯಿಡೀ ಮಲಗುವ ಮಗುವಿಗೆ ಮತ್ತು ಹೆಗಲಿಗೆ ಕಟ್ಟಿಕೊಂಡು ಒಯ್ಯುವ ಮಗುವಿಗೆ ಬಟ್ಟೆಯದು ಬೇಗ ಸೋರುವುದಕ್ಕೆ ಕಾರಣ ಇಷ್ಟೇ.

ಚರ್ಮದ ವಿಷಯದಲ್ಲಿ ಎರಡೂ ಕಡೆಯವರು ಖಚಿತವಾಗಿ ಮಾತನಾಡುತ್ತಾರೆ. ಬಟ್ಟೆಯಾದರೆ ಗುಳ್ಳೆ ಏಳುವುದೇ ಇಲ್ಲ ಎನ್ನುವವರಿದ್ದಾರೆ, ಬಟ್ಟೆಯಿಂದಲೇ ಏಳುತ್ತದೆ ಎನ್ನುವವರೂ ಇದ್ದಾರೆ. ನನ್ನ ಇಬ್ಬರು ಮಕ್ಕಳಿಗೂ ಗುಳ್ಳೆ ಎದ್ದಿತ್ತು, ಒಬ್ಬರಿಗೆ ಒಂದೊಂದು ಬಗೆಯ ಡೈಪರಿನಲ್ಲಿ. ಮೊದಲನೆಯವಳು ಐದು ತಿಂಗಳಿನವಳಾಗಿದ್ದಾಗ, ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಕಣ್ಣು ಉರಿಯುವಂತಹ ಅಮೋನಿಯಾ ವಾಸನೆ, ತೊಡೆಯ ಸಂದಿಯೆಲ್ಲ ಕೆಂಪು. ಎಳೆಯ ಚರ್ಮಕ್ಕೆ ಸಾಬೂನಿನ ಪುಡಿ ಆಗದೆಂಬ ಭಯದಿಂದ ನಾನು ಅದನ್ನು ಚಿಟಿಕೆಯಷ್ಟೇ ಹಾಕುತ್ತಿದ್ದೆ, ಬಟ್ಟೆ ಮೆತ್ತಗಿರಲೆಂದು ಕೊನೆಯ ನೀರಿಗೆ ಸಾಫ್ಟ್‌ನರ್ ಬೆರೆಸುತ್ತಿದ್ದೆ. ಎರಡೂ ತಪ್ಪಾಗಿದ್ದವು. ಪುಡಿ ಕಡಿಮೆಯಾದರೆ ಮೂತ್ರದ ಶೇಷ ಎಳೆಗಳಲ್ಲೇ ಉಳಿಯುತ್ತದೆ. ಸಾಫ್ಟ್‌ನರ್ ಎಳೆಗಳ ಮೇಲೆ ಜಿಡ್ಡಿನ ಲೇಪ ಹಚ್ಚಿ ಬಟ್ಟೆಯ ಹೀರುವ ಗುಣವನ್ನೇ ಕುಗ್ಗಿಸುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಸಾಕಷ್ಟು ಪುಡಿ ಹಾಕಿ 60 ಡಿಗ್ರಿಯ ನೀರಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಲು ತೊಡಗಿದ ಮೇಲೆ ಆ ವಾಸನೆ ಹೋಯಿತು. ಎರಡನೆಯವನಿಗೆ ಗುಳ್ಳೆ ಎದ್ದದ್ದು ಎಸೆಯುವ ಡೈಪರಿನಲ್ಲಿ. ಮುಟ್ಟಿದರೆ ಒಣಗಿದಂತಿತ್ತೆಂದು ಐದಾರು ಗಂಟೆ ಬದಲಾಯಿಸದೆ ಬಿಟ್ಟಿದ್ದೆವು.

ಮೂತ್ರದಲ್ಲಿರುವ ಯೂರಿಯಾವನ್ನು ಮಲದಲ್ಲಿನ ಬ್ಯಾಕ್ಟೀರಿಯಾದ ಕಿಣ್ವಗಳು ಅಮೋನಿಯಾ ಆಗಿ ಒಡೆಯುತ್ತವೆ. ಅದರಿಂದ ಚರ್ಮದ ಆಮ್ಲೀಯತೆ ತಗ್ಗುತ್ತದೆ. ಆಗ ಮಲದಲ್ಲಿನ ಜೀರ್ಣಕಾರಿ ಕಿಣ್ವಗಳು ಇನ್ನಷ್ಟು ಚುರುಕಾಗಿ, ಒದ್ದೆಯಲ್ಲಿ ಮೆದುವಾದ ಚರ್ಮವನ್ನು ಸವೆಸುತ್ತವೆ. ಮಗು ಮಲ ಮಾಡಿದೊಡನೆ ಬದಲಾಯಿಸಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ. ದಿನಕ್ಕೆ ಸ್ವಲ್ಪ ಹೊತ್ತು ಏನನ್ನೂ ಹಾಕದೆ ಗಾಳಿಗೆ ಬಿಡುವುದು, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ದಪ್ಪಗೆ ಹಚ್ಚುವುದು, ಇವು ಎರಡೂ ಬಗೆಯ ಡೈಪರಿಗೆ ಸಲ್ಲುವ ಆರೈಕೆ. ಮೂರು ದಿನ ಕಳೆದರೂ ಮಾಯದೆ, ಸಂದಿನಲ್ಲಿ ಗಾಢ ಕೆಂಪಾಗಿ, ಸುತ್ತಲೂ ಬಿಡಿಬಿಡಿ ಚುಕ್ಕೆಗಳೆದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ಪರಿಸರದ ಮಾತು ಬಂದಾಗ ಬಟ್ಟೆಯದೇ ಗೆಲ್ಲುತ್ತದೆಂದು ನಾನೂ ನಂಬಿದ್ದೆ. ಇಂಗ್ಲೆಂಡಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನ ಲೆಕ್ಕ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಎಂದೂ, ಸಾಮಾನ್ಯ ರೀತಿಯಲ್ಲಿ ಒಗೆದ ಬಟ್ಟೆಯದು ಸುಮಾರು 570 ಕಿಲೋ ಎಂದೂ ಕಂಡುಬಂದಿತ್ತು. ಆದರೆ ಯಂತ್ರ ತುಂಬುವಷ್ಟು ಸೇರಿದ ಮೇಲೆಯೇ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅವನ್ನೇ ಬಳಸಿದರೆ ಬಟ್ಟೆಯ ಲೆಕ್ಕ ಸುಮಾರು 200 ಕಿಲೋ ಇಳಿಯುತ್ತಿತ್ತು. ಪ್ರತಿ ಬಾರಿಯೂ ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸಿದರೆ ಎಸೆಯುವುದಕ್ಕಿಂತ ಬಹಳ ಮೇಲೇರುತ್ತಿತ್ತು. ಬ್ರಿಟನ್ ಸರ್ಕಾರ 2023ರಲ್ಲಿ ಹೊಸದಾಗಿ ಮಾಡಿಸಿದ ಲೆಕ್ಕದಲ್ಲಿ ಬಟ್ಟೆಯದು ಶೇ. 25ರಷ್ಟು ಕಡಿಮೆ ಎಂದಾಯಿತು. ಎಸೆಯುವ ಡೈಪರಿನ ಹೊರೆ ಹೆಚ್ಚಾಗಿ ಕಾರ್ಖಾನೆಯಲ್ಲಿ ಬೀಳುತ್ತದೆ, ಬಟ್ಟೆಯದರ ಹೊರೆ ಒಗೆಯುವ ಮನೆಯಲ್ಲಿ.

ಇದರಿಂದಲೇ ನಾನು ನನ್ನ ಪ್ರಶ್ನೆಗೆ ಮರಳುತ್ತೇನೆ. ಒಗೆಯುವುದು ಯಾರ ಕೆಲಸವೆಂದು ಮಗು ಹುಟ್ಟುವ ಮೊದಲೇ ಬಾಯಿಬಿಟ್ಟು ಮಾತನಾಡದ ಮನೆಯಲ್ಲಿ ಅದು ತಾಯಿಯ ಪಾಲಿಗೇ ಬಂದು ನಿಲ್ಲುತ್ತದೆ. ಹೊಲಿಗೆ ಇನ್ನೂ ಮಾಯದ, ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿಸುವ ಹೆಂಗಸು ಬಕೆಟ್ಟಿನ ಮುಂದೆ ಬಗ್ಗಿ ನಿಲ್ಲಬೇಕಾಗುತ್ತದೆ. ಮೊದಲ ಮಗುವಿಗೆ ನಾನು ಹಾಗೆ ನಿಂತಿದ್ದೆ, ಸುತ್ತಲಿದ್ದವರು ಬಟ್ಟೆಯೇ ಶ್ರೇಷ್ಠವೆಂದು ಹೇಳುತ್ತಿದ್ದರು, ಆದರೆ ಬಕೆಟ್ಟಿಗೆ ಕೈ ಹಾಕಲಿಲ್ಲ. ಆ ನೋವು ನನಗೆ ಇಂದಿಗೂ ಇದೆ. ಎರಡನೆಯ ಮಗುವಿಗೆ ಒಗೆಯುವ ಕೆಲಸವನ್ನು ನನ್ನ ಪತಿ ವಹಿಸಿಕೊಂಡರು. ಅದೇ ಬಟ್ಟೆಗಳು, ಅದೇ ಬಕೆಟ್ಟು, ಆದರೆ ಬದುಕು ಬೇರೆಯಾಯಿತು. ಎಸೆಯುವ ಡೈಪರಿನ ಚರಿತ್ರೆಯಲ್ಲೂ ಒಗೆಯುವವರ ದಣಿವೇ ಇದೆ. ಅಮೆರಿಕದ ಮೇರಿಯನ್ ಡೊನೊವನ್ ಒದ್ದೆಯಾದ ಹಾಸಿಗೆಬಟ್ಟೆಗಳನ್ನು ಒಗೆದೊಗೆದು ಬೇಸತ್ತು, ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ನೀರು ಸೋರದ ಹೊರಗವಸನ್ನು ಹೊಲಿದರು. 1951ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1961ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾಂಪರ್ಸ್‌ನ ಹಿಂದಿದ್ದ ವಿಕ್ಟರ್ ಮಿಲ್ಸ್ ಕೂಡ ಮೊಮ್ಮಗುವಿನ ಬಟ್ಟೆ ಬದಲಾಯಿಸಿ ಸಾಕಾಗಿದ್ದ ಅಜ್ಜ.

ನಾವು ಕೊನೆಗೆ ಕಂಡುಕೊಂಡ ಪದ್ಧತಿ ಮಿಶ್ರವಾದದ್ದು. ಮೊದಲ ಕೆಲವು ದಿನ, ಟಾರಿನಂತೆ ಅಂಟುವ ಕಪ್ಪು ಮಲ ಹೋಗುವವರೆಗೆ, ಎಸೆಯುವುದು. ಆಮೇಲೆ ಹಗಲಿಗೆ ಬಟ್ಟೆಯದು, ರಾತ್ರಿಗೂ ಪ್ರಯಾಣಕ್ಕೂ ಎಸೆಯುವುದು. ಯಾವುದೇ ಇರಲಿ, ಮಲವನ್ನು ಶೌಚಾಲಯಕ್ಕೆ ಹಾಕಿಯೇ ಮುಂದಿನ ಕೆಲಸ. ಎಸೆಯುವ ಡೈಪರನ್ನು ಮಲಸಮೇತ ಸುತ್ತಿ ಕಸಕ್ಕೆ ಹಾಕಿದರೆ ಕಸ ಎತ್ತುವವರ ಆರೋಗ್ಯಕ್ಕೆ ಅಪಾಯ. ಇನ್ನೊಂದು ವಿಷಯವನ್ನು ತಪ್ಪದೆ ಹೇಳುತ್ತೇನೆ. ಹುಟ್ಟಿದ ಐದನೆಯ ದಿನದ ನಂತರ ಮಗು ದಿನಕ್ಕೆ ಕನಿಷ್ಠ ಆರು ಬಾರಿ ಮೂತ್ರ ಮಾಡಿದರೆ ಹಾಲು ಸಾಕಾಗುತ್ತಿದೆ ಎಂಬುದಕ್ಕೆ ಅದೊಂದು ಗುರುತು. ಬಟ್ಟೆಯಲ್ಲಿ ಅದು ಕೈಗೇ ತಿಳಿಯುತ್ತದೆ. ಎಸೆಯುವುದರಲ್ಲಿ ಎಳೆಗೂಸಿನ ಎರಡು ಚಮಚ ಮೂತ್ರ ಹರಳಿನಲ್ಲಿ ಅಡಗಿ ಗೊತ್ತಾಗದೆ ಹೋಗಬಹುದು, ಹಾಗಾಗಿ ಆ ದಿನಗಳಲ್ಲಿ ಡೈಪರನ್ನು ಅಂಗೈಯಲ್ಲಿಟ್ಟು ಒಣಗಿದ ಡೈಪರಿನ ತೂಕಕ್ಕೆ ಹೋಲಿಸಿ ನೋಡಬೇಕು.

ಬಟ್ಟೆಯದನ್ನು ಆರಿಸುವವರಿಗೆ ಒಮ್ಮೆಗೇ ಇಪ್ಪತ್ತನಾಲ್ಕನ್ನು ಕೊಳ್ಳಬೇಡಿ ಎನ್ನುತ್ತೇನೆ. ಬೇರೆಬೇರೆ ಬಗೆಯ ಆರನ್ನು ತಂದು, ಮೂರು ನಾಲ್ಕು ಬಾರಿ ಒಗೆದ ಮೇಲೆ ಮಗುವಿಗೆ ಹಾಕಿ, ಏಕೆಂದರೆ ಹೊಸ ಹತ್ತಿಯಲ್ಲಿ ಉಳಿದಿರುವ ಜಿಡ್ಡು ಹೋಗುವವರೆಗೆ ಅದು ಪೂರ್ತಿಯಾಗಿ ಹೀರುವುದಿಲ್ಲ. ಎರಡು ವಾರ ಆ ಆರನ್ನೇ ಒಗೆದು, ಒಣಗಿಸಿ ನೋಡಿ. ಉಳಿದ ಹದಿನೆಂಟು ಬೇಕೋ ಬೇಡವೋ ಎಂಬುದನ್ನು ಆ ಎರಡು ವಾರ ಒಗೆದವರೇ ಹೇಳಲಿ.